ಹಳೆ ಕಾರನ್ನು ತಗ್ಗಿಸಬೇಕಾ? ಕಡಿಮೆ ರೊಕ್ಕದಲ್ಲಿ ಸಸ್ಪೆನ್ಶನ್ ಆರಿಸುವ ದಾರಿ

"ಕಾರು ಸ್ವಲ್ಪ ಕೆಳಗೆ ಕೂರಿಸಬೇಕು, ಜಾಸ್ತಿ ಖರ್ಚಾಗಬಾರದು, ಸ್ಪ್ರಿಂಗ್ ಎಷ್ಟು ಸುತ್ತು ಕತ್ತರಿಸಲಿ?" ನನಗೆ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಹತ್ತಿರ ಇರುವುದು ಮಾರುತಿ 800, ಝೆನ್, ಎಸ್ಟೀಮ್, ಮೊದಲ ಸ್ವಿಫ್ಟ್, ಸ್ಯಾಂಟ್ರೋ, ಇಂಡಿಕಾ. ಅಪ್ಪ ಓಡಿಸಿದ ಕಾರು ಮಗನ ಕೈಗೆ ಬಂದಿರುತ್ತದೆ. ಎಂಜಿನ್ ಇನ್ನೂ ಚೆನ್ನಾಗಿದೆ, ಬಣ್ಣ ಹೊಡೆಸಿ ಆಗಿದೆ, ಗಾಲಿಯ ಮೇಲಿನ ಆ ಖಾಲಿ ಜಾಗ ಮಾತ್ರ ಕಣ್ಣಿಗೆ ಚುಚ್ಚುತ್ತಿದೆ.

ಎಷ್ಟು ಸುತ್ತು ಅನ್ನುವುದಕ್ಕಿಂತ ಮೊದಲು ಎಷ್ಟು ಮಿಲಿಮೀಟರ್ ಅಂತ ಕೇಳಬೇಕು. ಅದಕ್ಕೆ ಉತ್ತರ ಕೊಡುವುದು ನೀವು ದಿನಾ ಓಡಾಡುವ ರಸ್ತೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ರಸ್ತೆಗೆ 25ರಿಂದ 30 ಮಿ.ಮೀ. ತಗ್ಗಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಕೆಳಗೆ ಹೋದರೆ ಕಾರು ನೋಡೋಕೆ ಚೆಂದ, ಓಡಿಸೋಕೆ ಶಿಕ್ಷೆ.

ಮೊದಲು ಕೆಲವು ಪದ

ಗ್ಯಾರೇಜಿನಲ್ಲಿ ಮಿಸ್ತ್ರಿ ಹೇಳುವುದು ಅರ್ಥ ಆಗಬೇಕಾದರೆ ಇಷ್ಟು ಗೊತ್ತಿರಲಿ. ಸಸ್ಪೆನ್ಶನ್ ಅಂದರೆ ಗಾಲಿಗೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗ್, ಶಾಕಪ್, ತೋಳುಗಳ ಜೋಡಣೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಕಾರು ಎಷ್ಟು ಎತ್ತರ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುತ್ತಲೇ ಇರದ ಹಾಗೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ಹಾಗಾಗಿ ಬರೀ ಶಾಕಪ್ ಬದಲಿಸಿದರೆ ಕಾರು ಕೆಳಗೆ ಬರುವುದಿಲ್ಲ.

ಮುಂದಿನ ಗಾಲಿಗಳಲ್ಲಿ ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ಕಂಬವಾಗಿ ಜೋಡಿಸಿರುತ್ತವೆ. ಅದಕ್ಕೆ ಸ್ಟ್ರಟ್ ಅನ್ನುತ್ತಾರೆ. ಆ ಕಂಬದ ಬುಡ ಮತ್ತು ಗಾಲಿಯನ್ನು ಕಾರಿನ ಹೊಟ್ಟೆಗೆ ಕಟ್ಟಿ ಹಿಡಿಯುವ ಕಬ್ಬಿಣದ ತೋಳು ಲೋವರ್ ಆರ್ಮ್. ಬಂಪ್ ಸ್ಟಾಪ್ ಅಂದರೆ ಶಾಕಪ್ ರಾಡಿನ ಮೇಲೆ ಕೂತಿರುವ ರಬ್ಬರ್ ಅಥವಾ ಫೋಮಿನ ಗಟ್ಟಿ ತುಂಡು. ಗಾಲಿ ಪೂರ್ತಿ ಮೇಲಕ್ಕೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ತಡೆಯುವುದು ಅದು. ಬುಷ್ ಅಂದರೆ ಕಬ್ಬಿಣದ ಕೀಲುಗಳ ನಡುವೆ ಇರುವ ರಬ್ಬರ್ ಕೊಳವೆ.

ಹಂತ 1: ಕಾನೂನು ತಿಳಿದುಕೊಂಡು ಕೈ ಹಾಕಿ

ಇದನ್ನು ಕೊನೆಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

"ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಬರೆದಿರುವುದೇ ಇಲ್ಲ, ಯಾರು ಕೇಳ್ತಾರೆ" ಅಂತ ವಾದ ಮಾಡುವವರು ಇದ್ದಾರೆ. ಆ ವಾದವನ್ನು ನಂಬಿ ಕೂರಬೇಡಿ. ನಿಮ್ಮ ಗಾಡಿ ಕೆಎ-25 ಇರಲಿ, 63 ಇರಲಿ, 26 ಅಥವಾ 27 ಇರಲಿ, ಕೆಲಸ ಶುರು ಮಾಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಇನ್‌ಸ್ಪೆಕ್ಟರ್ ಹತ್ತಿರ ನೇರವಾಗಿ ಕೇಳಿ. ವಿಮಾ ಕಂಪನಿಗೂ ತಿಳಿಸಿ. ತಿಳಿಸದೆ ಬದಲಾವಣೆ ಮಾಡಿದ್ದರೆ ಅಪಘಾತದ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು.

15 ವರ್ಷ ತುಂಬುತ್ತಿರುವ ಕಾರು ಇದ್ದರೆ ಇನ್ನೊಂದು ಮಾತು. ನೋಂದಣಿ ನವೀಕರಿಸಲು ಗಾಡಿಯನ್ನು ತಪಾಸಣೆಗೆ ಒಯ್ಯಬೇಕು, ಆಮೇಲೆ ಐದೈದು ವರ್ಷಕ್ಕೆ ಮತ್ತೆ. ಆ ಕೆಲಸ ಮುಗಿಯುವ ತನಕ ಸಸ್ಪೆನ್ಶನ್ ಮುಟ್ಟಬೇಡಿ. ಮೂಲ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಎತ್ತಿಡಿ. ಮರಳಿ ಹಾಕಿಸಬೇಕಾದ ದಿನ ಬರಬಹುದು.

ಹಂತ 2: ರಸ್ತೆ ಅಳೆಯಿರಿ

ಮೊದಲ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಜಾಗ, 170 ಮಿ.ಮೀ. ಇದು ಖಾಲಿ ಕಾರಿನ ಲೆಕ್ಕ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಐದು ಜನ ಬುತ್ತಿ ಗಂಟಿನ ಸಮೇತ ಕೂತರೆ ಹಿಂಭಾಗ ಇನ್ನೂ ಕೆಲವು ಸೆಂಟಿಮೀಟರ್ ಕುಸಿಯುತ್ತದೆ.

ಈಗ ಹಂಪ್ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಷ್ಟು ಅಗಲ ಇದ್ದಾಗ ಏರು ನಿಧಾನವಾಗಿರುತ್ತದೆ, ತಗ್ಗಿಸಿದ ಕಾರೂ ದಾಟುತ್ತದೆ. ಆದರೆ ಊರವರೇ ಹಾಕಿಸಿದ ಹಂಪುಗಳಿಗೆ ಯಾವ ಅಳತೆ? ಎರಡು ಅಡಿ ಅಗಲ, ಗೋಡೆ ಎದ್ದಂತೆ ಎತ್ತರ. ಹಳ್ಳಿ ಶಾಲೆಯ ಮುಂದೆ ಇರುವ ಒಂದೇ ಒಂದು ಹಂಪು ನಿಮ್ಮ ಸೈಲೆನ್ಸರನ್ನು ಕಿತ್ತು ಹಾಕಬಹುದು.

ಮಣ್ಣನ್ನೂ ಲೆಕ್ಕಕ್ಕೆ ತಗೊಳ್ಳಿ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯದು ಯರಿ ಭೂಮಿ. ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿನ ಡಾಂಬರೂ ಅದರ ಜೊತೆ ಏಳುತ್ತದೆ, ಬೀಳುತ್ತದೆ. ದೂರದಿಂದ ಸಪಾಟು ಕಾಣುವ ರಸ್ತೆ 80ರ ವೇಗದಲ್ಲಿ ದೋಣಿಯ ಹಾಗೆ ತೂಗುತ್ತದೆ. ಅಂಥ ಕಡೆ ಗಾಲಿಗೆ ಮೇಲೆ-ಕೆಳಗೆ ಆಡಲು ಜಾಗ ಬೇಕು. ಧಾರವಾಡದ ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲದಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಕಾಡುವುದು ಮಳೆಗಾಲದ ಗುಂಡಿ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಈ ಪರೀಕ್ಷೆ ಮಾಡಿ. ಹಳೆ ಹವಾಯಿ ಚಪ್ಪಲಿಯ ಅಟ್ಟೆಯಿಂದ ಅಂಗೈಯಷ್ಟು ತುಂಡುಗಳನ್ನು ಕೊಯ್ದು, 30 ಮಿ.ಮೀ. ದಪ್ಪ ಆಗುವ ತನಕ ಒಂದರ ಮೇಲೊಂದು ಅಂಟಿಸಿ. ಕಾರಿನ ಕೆಳಗೆ ನೆಲಕ್ಕೆ ಅತಿ ಹತ್ತಿರ ಇರುವ ಗಟ್ಟಿ ಜಾಗ, ಸಾಮಾನ್ಯವಾಗಿ ಎಂಜಿನ್ ಕೆಳಗಿನ ಅಡ್ಡ ಬೀಮ್, ಹುಡುಕಿ ಅಲ್ಲಿ ಝಿಪ್ ಟೈನಿಂದ ಬಿಗಿಯಾಗಿ ಕಟ್ಟಿ. ಸೈಲೆನ್ಸರಿಗೆ ಕಟ್ಟಬೇಡಿ, ಕರಗುತ್ತದೆ. ತಿರುಗುವ ಆಕ್ಸಲ್ ಹತ್ತಿರವೂ ಬೇಡ. ಒಂದು ವಾರ ಎಂದಿನಂತೆ ಓಡಾಡಿ. ಆಫೀಸಿಗೆ, ಹೊಲಕ್ಕೆ, ಬೀಗರ ಊರಿಗೆ. ಭಾನುವಾರ ಬಗ್ಗಿ ನೋಡಿ. ರಬ್ಬರ್ ಮೇಲೆ ಒಂದೆರಡು ಗೀರು ಇದ್ದರೆ ನಿಧಾನಕ್ಕೆ ಓಡಿಸಿ ಸಂಭಾಳಿಸಬಹುದು. ಅರ್ಧ ಸವೆದು ಹೋಗಿದ್ದರೆ, ಅಥವಾ ತುಂಡೇ ಕಿತ್ತು ಬಿದ್ದಿದ್ದರೆ, ನಿಮ್ಮ ರಸ್ತೆ 30 ಮಿ.ಮೀ. ಒಪ್ಪುವುದಿಲ್ಲ. 20ಕ್ಕೆ ಇಳಿಸಿ ಇನ್ನೊಂದು ವಾರ ನೋಡಿ.

ಇದರ ಜೊತೆಗೆ ನಾಲ್ಕೂ ಗಾಲಿಗಳ ಎತ್ತರ ಬರೆದಿಟ್ಟುಕೊಳ್ಳಿ. ಗಾಲಿಯ ನಟ್ಟನಡುವಿನಿಂದ ಫೆಂಡರ್, ಅಂದರೆ ಗಾಲಿಯ ಮೇಲಿನ ತಗಡಿನ ಕಮಾನು, ಅದರ ಅಂಚಿನವರೆಗೆ ಟೇಪು ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆ ಆದಾಗ ಲೆಕ್ಕ ತಪ್ಪುತ್ತದೆ. ಎಡ-ಬಲದಲ್ಲಿ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಬದಿಯ ಸ್ಪ್ರಿಂಗ್ ಈಗಾಗಲೇ ಸೋತಿರುವ ಸಾಧ್ಯತೆ ಇದೆ. ಹಳೆ ಕಾರುಗಳಲ್ಲಿ ಡ್ರೈವರ್ ಬದಿ ಕುಸಿದಿರುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಹಂತ 3: ಇರುವುದನ್ನು ಮೊದಲು ರಿಪೇರಿ ಮಾಡಿಸಿ

ಬಜೆಟ್ ಕಡಿಮೆ ಇರುವವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಹೊಸ ಸ್ಪ್ರಿಂಗಿಗೆ ರೊಕ್ಕ ಹಾಕುತ್ತಾರೆ, 15 ವರ್ಷದ ಬುಷ್ ಹಾಗೇ ಬಿಡುತ್ತಾರೆ. ಆಮೇಲೆ ಕಾರಿನಿಂದ ಕಟಕಟ ಶಬ್ದ ಬರುತ್ತದೆ, ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತದೆ, ಬೈಗುಳ ಹೊಸ ಸ್ಪ್ರಿಂಗಿಗೆ.

ಕಾರನ್ನು ಜಾಕ್ ಹಚ್ಚಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಯಾವತ್ತೂ ಕಾರಿನ ಕೆಳಗೆ ತೂರಬೇಡಿ. ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟ್ (ಲೋವರ್ ಆರ್ಮಿನ ತುದಿಯ ಗುಂಡು ಕೀಲು) ಅಥವಾ ಬೇರಿಂಗ್ ಹೋಗಿದೆ. ಎಡ-ಬಲಕ್ಕೆ ಹಿಡಿದು ಅಲುಗಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಸ್ಟಿಯರಿಂಗಿನಿಂದ ಗಾಲಿಗೆ ಬರುವ ರಾಡಿನ ತುದಿಯ ಕೀಲು, ನೋಡಿ. ಲೋವರ್ ಆರ್ಮಿನ ಬುಷ್ ಹತ್ತಿರ ಟಾರ್ಚ್ ಹಿಡಿಯಿರಿ. ರಬ್ಬರ್ ಬಿರುಕು ಬಿಟ್ಟು ಒಣ ರೊಟ್ಟಿಯ ಅಂಚಿನಂತೆ ಕಂಡರೆ ಅದರ ಕಾಲ ಮುಗಿದಿದೆ. ಶಾಕಪ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕಪ್ ಸೋತಿದೆ.

ಸ್ಟ್ರಟ್ ಮೇಲ್ತುದಿಯ ಮೌಂಟಿಂಗ್ ರಬ್ಬರನ್ನು ಮರೆಯಬೇಡಿ. ಸ್ಪ್ರಿಂಗ್ ಬದಲಿಸಲು ಸ್ಟ್ರಟ್ ಬಿಚ್ಚಲೇಬೇಕು, ಆಗಲೇ ಇದನ್ನೂ ಬದಲಿಸಿದರೆ ಮಜೂರಿ ಒಂದೇ ಸಲಕ್ಕೆ ಮುಗಿಯುತ್ತದೆ.

ಕೈಯಲ್ಲಿರುವ ರೊಕ್ಕದಲ್ಲಿ ಅರ್ಧ ಇದಕ್ಕೇ ತೆಗೆದಿಡಿ. ಅರ್ಧಕ್ಕಿಂತ ಜಾಸ್ತಿ ಬೇಕಾಗುತ್ತದೆ ಅಂತ ಗೊತ್ತಾದರೆ ತಗ್ಗಿಸುವ ಯೋಚನೆ ಮುಂದಿನ ವರ್ಷಕ್ಕೆ ಇರಲಿ. ಹೊಸ ಬುಷ್, ಹೊಸ ಶಾಕಪ್ ಹಾಕಿದ ಹಳೆ ಝೆನ್ ಓಡಿಸಿ ನೋಡಿ. ಎಷ್ಟೋ ಜನ "ಇಷ್ಟೇ ಸಾಕು" ಅಂತ ಅಲ್ಲೇ ನಿಲ್ಲಿಸುತ್ತಾರೆ.

ಹಂತ 4: ಯಾವ ದಾರಿ ಆರಿಸಬೇಕು

ತಗ್ಗಿಸದೇ ತಗ್ಗಿದಂತೆ ಕಾಣಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಝೆನ್ ಉದಾಹರಣೆ ತಗೊಳ್ಳಿ. ಅದರ ಟೈರು 145/70 ಆರ್13, ಅಂದರೆ ಅಗಲ 145 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ. 70, ರಿಮ್ 13 ಇಂಚು. ಟೈರಿನ ಒಟ್ಟು ವ್ಯಾಸ ಸುಮಾರು 533 ಮಿ.ಮೀ. ಇದರ ಬದಲು 165/65 ಆರ್13 ಹಾಕಿದರೆ ವ್ಯಾಸ ಸುಮಾರು 545 ಆಗುತ್ತದೆ. ಟೈರು ಅಗಲವಾಗಿ ಕಾಣುತ್ತದೆ, ಫೆಂಡರಿನ ಖಾಲಿ ಜಾಗ ಸುಮಾರು 6 ಮಿ.ಮೀ. ತುಂಬುತ್ತದೆ, ಕಾರು ಮಾತ್ರ 6 ಮಿ.ಮೀ. ಮೇಲಕ್ಕೇ ಏಳುತ್ತದೆ. ಹಂಪಿನ ಭಯ ಇಲ್ಲ. ರಿಮ್ಮಿನ ಅಗಲಕ್ಕೆ ಆ ಟೈರು ಕೂರುತ್ತದಾ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ಉಜ್ಜುವುದಿಲ್ಲವಾ ಅಂತ ಟೈರ್ ಅಂಗಡಿಯಲ್ಲಿ ಹಾಕಿಸಿ ನೋಡಿಯೇ ದುಡ್ಡು ಕೊಡಿ. ಇದೂ ಮೂಲ ಅಳತೆಯಿಂದ ಬೇರೆಯೇ, ಆರ್‌ಟಿಒದಲ್ಲಿ ಕೇಳುವಾಗ ಈ ಮಾತನ್ನೂ ಸೇರಿಸಿ ಕೇಳಿ.

ಇನ್ನು ಕತ್ತರಿಸುವ ವಿಷಯ. ಸ್ಪ್ರಿಂಗಿನ ಒಂದು ಸುತ್ತು ತೆಗೆದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಉದ್ದ ಕಡಿಮೆ ಆಗುತ್ತದೆ, ಅದು ಎಲ್ಲರಿಗೂ ಗೊತ್ತು. ಉಳಿದ ಸ್ಪ್ರಿಂಗ್ ಗಟ್ಟಿಯೂ ಆಗುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಭಾರಕ್ಕೆ ಮಣಿಯುವ ಸುತ್ತುಗಳು ಆರು ಇದ್ದು, ಒಂದು ತೆಗೆದರೆ, ಉಳಿದ ಐದು ಸುತ್ತಿನ ಸ್ಪ್ರಿಂಗ್ ಮೊದಲಿಗಿಂತ ಶೇ. 20ರಷ್ಟು ಗಟ್ಟಿ. ಆ ಗಟ್ಟಿತನಕ್ಕೆ ನಿಮ್ಮ ಹಳೆ ಶಾಕಪ್ ಹೊಂದುವುದಿಲ್ಲ, ಕಾರು ಕುದುರೆಯಂತೆ ಪುಟಿಯುತ್ತದೆ.

ನಿಜವಾದ ಅಪಾಯ ಇನ್ನೊಂದಿದೆ. ಕತ್ತರಿಸಿದ ಸ್ಪ್ರಿಂಗ್ ಹಾಕಿ ಜಾಕಿನಿಂದ ಕಾರು ಎತ್ತಿ, ಗಾಲಿಯನ್ನು ಪೂರ್ತಿ ತೂಗಲು ಬಿಡಿ. ಸ್ಪ್ರಿಂಗಿನ ತುದಿಗಳು ಕೂರುವ ಮೇಲಿನ ಮತ್ತು ಕೆಳಗಿನ ಬಟ್ಟಲುಗಳ ನಡುವೆ ಅದು ಬಿಗಿಯಾಗಿ ನಿಂತಿದೆಯಾ? ಕೈಯಿಂದ ತಿರುಗಿಸಲು ಬರುತ್ತದಾ? ತಿರುಗಿದರೆ ಅದು ಗಿಡ್ಡವಾಗಿದೆ. ಹಂಪ್ ದಾಟಿದ ಮೇಲೆ ಗಾಲಿ ಕೆಳಗೆ ಇಳಿದಾಗ ಆ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಸರಿಯಬಹುದು. ಹಿಂದಿನ ಗಾಲಿಯಲ್ಲಿ ಸ್ಪ್ರಿಂಗ್ ಮತ್ತು ಶಾಕಪ್ ಬೇರೆ ಬೇರೆ ಇರುವ ಕಾರುಗಳಲ್ಲಿ ಸ್ಪ್ರಿಂಗ್ ಹೊರಗೇ ಜಿಗಿಯಬಹುದು. ಬೈಪಾಸ್ ರಸ್ತೆಯಲ್ಲಿ ಲಾರಿಗಳ ನಡುವೆ ಹೀಗಾದರೆ ಏನು ಗತಿ ಅಂತ ಯೋಚಿಸಿ.

ನನ್ನ ಸಲಹೆ: ಕತ್ತರಿಸಬೇಡಿ. ಹೇಳಿದರೂ ಕೆಲವರು ಕತ್ತರಿಸುತ್ತೀರಿ ಅಂತ ನನಗೆ ಗೊತ್ತು, ಅದಕ್ಕೆ ಮೂರು ಮಾತು. ಅರ್ಧ ಸುತ್ತಿಗಿಂತ ಜಾಸ್ತಿ ಬೇಡ. ಸುತ್ತು ಅದೇ ಅಗಲದಲ್ಲಿ ಬಂದು ಸುಮ್ನೆ ಕೊನೆಯಾಗುವ ತುದಿಯ ಸ್ಪ್ರಿಂಗ್ ಮಾತ್ರ. ತುದಿ ಒಳಕ್ಕೆ ಸಣ್ಣಗೆ ಸುರುಳಿ ಸುತ್ತಿದ್ದರೆ, ಅಥವಾ ಸಪಾಟಾಗಿ ಮಟ್ಟ ಮಾಡಿದ್ದರೆ, ಅದನ್ನು ಕತ್ತರಿಸಿದ ಮೇಲೆ ಬಟ್ಟಲಿನಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಮತ್ತೆ, ಗ್ರೈಂಡರಿನ ಕಟಿಂಗ್ ಚಕ್ರದಿಂದ, ನೀರು ಹನಿಸುತ್ತಾ ಕೊಯ್ಯಬೇಕು. ಗ್ಯಾಸ್ ಕಟರ್ ಸ್ಪ್ರಿಂಗಿನ ಹತ್ತಿರವೂ ಬರಬಾರದು.

ಯಾಕೆ ಅಂದರೆ ಸ್ಪ್ರಿಂಗಿನ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಅಳತೆಗೆ ಸರಿಯಾಗಿ ಕಾಯಿಸಿ ಬಂದ ಹದ ಅದು. ಗ್ಯಾಸ್ ಬೆಂಕಿ ತಾಗಿದ ಜಾಗದಲ್ಲಿ ಆ ಹದ ಕೆಡುತ್ತದೆ. ಕಾಯಿಸಿ ಕೂರಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಸ್ಪ್ರಿಂಗ್ ಬಿಚ್ಚುವ ಗೋಜೂ ಇಲ್ಲದೆ ಬೆಂಕಿ ಹಿಡಿಯುತ್ತಾರೆ, ಕಾರು ತಾನೇ ಕುಸಿಯುತ್ತದೆ. ನನ್ನ ಮೊದಲ ಝೆನ್‌ಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಮಾಡಿಸಿದ್ದೆ. ಐದು ತಿಂಗಳಿಗೆ ಹಿಂದಿನ ಬಲಗಡೆ ಸ್ಪ್ರಿಂಗ್ ಕಾಯಿಸಿದ ಜಾಗದಲ್ಲೇ ತುಂಡಾಯಿತು. ಆ ತುಂಡು ಇನ್ನೂ ನನ್ನ ಹತ್ತಿರ ಇದೆ. ಮುರಿದ ಮುಖ ಹರಳುಪ್ಪಿನ ಹಾಗೆ ಕಾಳುಕಾಳಾಗಿ ಹೊಳೆಯುತ್ತದೆ, ಅದರ ಪಕ್ಕ ಉಕ್ಕಿನ ಮೇಲೆ ನೀಲಿ ನೇರಳೆ ಬಣ್ಣದ ಉಂಗುರ. ಬೆಂಕಿ ಎಲ್ಲಿ ತಾಗಿತ್ತು ಅಂತ ಬರೆದಿಟ್ಟಂತೆ ಕಾಣುತ್ತದೆ. ಯಾರಾದರೂ "ಕಾಯಿಸಿ ಕೊಡ್ತೀನಿ, ಅರ್ಧ ತಾಸಿನ ಕೆಲಸ" ಅಂದರೆ ಕಾರು ತಿರುಗಿಸಿಕೊಂಡು ಬನ್ನಿ.

ಸ್ಪ್ರಿಂಗಿನ ಸುತ್ತುಗಳನ್ನು ಎಳೆದು ಕಟ್ಟುವ ಕ್ಲಾಂಪುಗಳೂ ಬೇಡ. ಜಾರುತ್ತವೆ, ಜಾರಿದಾಗ ಕಾರಿನ ಒಂದು ಮೂಲೆ ಧಡ್ ಅಂತ ಏಳುತ್ತದೆ.

ಸರಿಯಾದ ದಾರಿ ಅಂದರೆ ಲೋವರಿಂಗ್ ಸ್ಪ್ರಿಂಗ್. ನಿಮ್ಮ ಕಾರಿಗೆಂದೇ ಗಿಡ್ಡ ಮಾಡಿ, ಗಿಡ್ಡ ಆದ ಪ್ರಮಾಣಕ್ಕೆ ತಕ್ಕಂತೆ ಗಟ್ಟಿ ಮಾಡಿ ತಯಾರಿಸಿದ ಸ್ಪ್ರಿಂಗ್. ಗಾಲಿ ಮೇಲೇಳುವ ಜಾಗ ಕಡಿಮೆ ಆಗಿದೆ ಅಲ್ವಾ, ಆ ಕಡಿಮೆ ಜಾಗದಲ್ಲೇ ಅದೇ ಭಾರ ತಡೆಯಬೇಕು, ಅದಕ್ಕೆ ಗಟ್ಟಿತನ. ಕೆಲವು ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುತ್ತುಗಳು ಹತ್ತಿರ ಹತ್ತಿರ, ಇನ್ನೊಂದು ತುದಿಯವು ದೂರ ದೂರ ಇರುತ್ತವೆ. ಇವಕ್ಕೆ ಪ್ರೋಗ್ರೆಸಿವ್ ಅನ್ನುತ್ತಾರೆ. ಸಣ್ಣ ಗುಂಡಿಯಲ್ಲಿ ಮೆತ್ತಗೆ, ದೊಡ್ಡ ಹೊಡೆತಕ್ಕೆ ಗಟ್ಟಿ. ನಮ್ಮ ರಸ್ತೆಗೆ ಇದೇ ಒಳ್ಳೆಯದು ಅನ್ನುತ್ತೇನೆ. ಜರ್ಮನಿಯ ಐಬಾಕ್, ಎಚ್ ಅಂಡ್ ಆರ್ ಈ ಕೆಲಸದಲ್ಲಿ ಹೆಸರಾದವು. ಆದರೆ ಭಾರತದ ಹಳೆ ಚಿಕ್ಕ ಕಾರುಗಳಿಗೆ ಎಲ್ಲ ಕಂಪನಿಗಳ ಸೆಟ್ಟೂ ಸಿಗುವುದಿಲ್ಲ. ಸ್ವಿಫ್ಟ್‌ಗೆ ಹುಡುಕುವುದು ಸುಲಭ, 800ಕ್ಕೆ ಕಷ್ಟ.

ಸಿಗದಿದ್ದಾಗ ಹೇಳಿ ಮಾಡಿಸುವ ದಾರಿ ಇದೆ. ಇಂಡಸ್ಟ್ರಿಯಲ್ ಎಸ್ಟೇಟುಗಳಲ್ಲಿ ಯಂತ್ರಗಳಿಗೆ ಸ್ಪ್ರಿಂಗ್ ಸುತ್ತಿಕೊಡುವವರು ಇರುತ್ತಾರೆ. ಹೋಗುವಾಗ ನಿಮ್ಮ ಮೂಲ ಸ್ಪ್ರಿಂಗ್ ಒಯ್ಯಿರಿ. ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ, ಭಾರ ಇಲ್ಲದಾಗಿನ ಉದ್ದ, ಇಷ್ಟನ್ನು ವರ್ನಿಯರ್, ಅಂದರೆ ಸೂಕ್ಷ್ಮ ಅಳತೆಯ ಸಾಧನ, ಹಿಡಿದು ಅವರ ಮುಂದೆಯೇ ಅಳೆಸಿ. ತಂತಿಯ ದಪ್ಪದ ವಿಷಯದಲ್ಲಿ ಹುಷಾರು. 10 ಮಿ.ಮೀ. ಬದಲು "ಗಟ್ಟಿ ಇರಲಿ" ಅಂತ 11 ಮಿ.ಮೀ. ತಂತಿ ಹಾಕಿದರೆ ಗಟ್ಟಿತನ ಶೇ. 46ರಷ್ಟು ಏರುತ್ತದೆ, ಯಾಕೆಂದರೆ ದಪ್ಪ × ದಪ್ಪ × ದಪ್ಪ × ದಪ್ಪ ಅನ್ನುವ ಲೆಕ್ಕದಲ್ಲಿ ಅದು ಬೆಳೆಯುತ್ತದೆ. ಒಂದು ಮಿಲಿಮೀಟರ್ ನಿಮ್ಮ ಕಾರನ್ನು ಎತ್ತಿನ ಗಾಡಿ ಮಾಡಬಲ್ಲದು. ಸುತ್ತಿದ ಮೇಲೆ ಹದ ಕೊಡುತ್ತೀರಾ, ಪೂರ್ತಿ ಒತ್ತಿ ಬಿಟ್ಟು ಉದ್ದ ಕುಸಿಯುತ್ತದಾ ಅಂತ ನೋಡುತ್ತೀರಾ ಅಂತ ಕೇಳಿ. ಎರಡಕ್ಕೂ ಹೌದು ಅನ್ನದವರ ಹತ್ತಿರ ಮಾಡಿಸಬೇಡಿ.

ಅದೇ ಮಾಡೆಲ್ಲಿನ ಪೆಟ್ರೋಲ್ ಕಾರಿನ ಮುಂದಿನ ಸ್ಪ್ರಿಂಗನ್ನು ಡೀಸೆಲ್ ಕಾರಿಗೆ ಹಾಕಿ ತಗ್ಗಿಸುವವರೂ ಇದ್ದಾರೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಹಾಗಾಗಿ ಕಾರು ತಗ್ಗುವುದು ನಿಜ. ಆದರೆ ಸ್ಪ್ರಿಂಗ್ ಮೆತ್ತಗೆ, ಜಾಗವೂ ಕಡಿಮೆ, ಪ್ರತಿ ಗುಂಡಿಗೂ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಬೇಡ.

ಕಾಯಿಲ್‌ಓವರ್ ಅಂದರೆ ಶಾಕಪ್ ಮೈಮೇಲೆ ಥ್ರೆಡ್ ಇದ್ದು, ಸ್ಪ್ರಿಂಗ್ ಕೂರುವ ಬಟ್ಟಲನ್ನು ತಿರುಗಿಸಿ ಎತ್ತರ ಹೊಂದಿಸಬಹುದಾದ ಸೆಟ್ಟು. ಒಳ್ಳೆಯದು, ಆದರೆ ಒಳ್ಳೆ ಕಂಪನಿಯದು ತಗೊಂಡರೆ ಹಳೆ ಕಾರಿನ ಬೆಲೆಯನ್ನೇ ಮುಟ್ಟುತ್ತದೆ. ಹೆಸರಿಲ್ಲದ ಅಗ್ಗದ ಸೆಟ್ಟು ತಗೊಳ್ಳುವುದಕ್ಕಿಂತ ಮೂಲ ಸ್ಪ್ರಿಂಗೇ ಮೇಲು. ನಮ್ಮ ಧೂಳು ಮತ್ತು ಕೆಸರಿಗೆ ಆ ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಎರಡನೇ ವರ್ಷಕ್ಕೆ ಎತ್ತರ ಹೊಂದಿಸುವ ಅನುಕೂಲವೇ ಇರುವುದಿಲ್ಲ. ಏರ್ ಸಸ್ಪೆನ್ಶನ್ ಈ ಬಜೆಟ್ಟಿನ ಮಾತಲ್ಲ.

ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರಿಗೆ ಒಂದು ಮಾತು. ಇವುಗಳ ಹಿಂದೆ ಇರುವುದು ಕಮಾನ್ ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಅಂಬಾಸಡರಿನ ಮುಂದೆ ಸುರುಳಿ ಸ್ಪ್ರಿಂಗೇ ಇಲ್ಲ, ತಿರುಚಿಕೊಳ್ಳುವ ಉದ್ದ ಕಂಬಿ, ಟಾರ್ಶನ್ ಬಾರ್, ಇದೆ. ಪಟ್ಟಿಗಳಲ್ಲಿ ಒಂದನ್ನು ತೆಗೆದು ತಗ್ಗಿಸಬೇಡಿ, ಉಳಿದವುಗಳ ಮೇಲೆ ಭಾರ ಬಿದ್ದು ಮುರಿಯುತ್ತವೆ. ಲಾರಿಗಳ ಕಮಾನ್ ಕೆಲಸ ಮಾಡುವ ಅನುಭವಿ ಮಿಸ್ತ್ರಿ ಪಟ್ಟಿಗಳ ಬಾಗನ್ನು ಸ್ವಲ್ಪ ಕಡಿಮೆ ಮಾಡಿಕೊಡಬಲ್ಲರು.

ಹಂತ 5: ಶಾಕಪ್ ಮತ್ತು ಬಂಪ್ ಸ್ಟಾಪ್

25-30 ಮಿ.ಮೀ. ಒಳಗೆ ಇದ್ದರೆ ಕಂಪನಿ ಅಳತೆಯ ಹೊಸ ಶಾಕಪ್ ನಡೆಯುತ್ತದೆ. ಗೇಬ್ರಿಯಲ್, ಮನ್ರೋ ತರದ ಪರಿಚಿತ ಹೆಸರಿನದ್ದನ್ನೇ, ಬಿಲ್ ಸಮೇತ ತಗೊಳ್ಳಿ. ಯಾವಾಗಲೂ ಜೋಡಿಯಾಗಿ ಬದಲಿಸಿ. ಅದಕ್ಕಿಂತ ಜಾಸ್ತಿ ತಗ್ಗಿಸಿದರೆ ಗಿಡ್ಡ ಶಾಕಪ್ಪೇ ಬೇಕು. ಗುಜರಿಯಿಂದ ತಂದ ಶಾಕಪ್‌ಗೆ ಬಣ್ಣ ಹೊಡೆದು ಮಾರುತ್ತಾರೆ, ರಾಡನ್ನು ಪೂರ್ತಿ ಒಳಕ್ಕೆ ಒತ್ತಿ ನೋಡದೆ ನಂಬಬೇಡಿ.

ಬಂಪ್ ಸ್ಟಾಪನ್ನು "ಅಡ್ಡ ಬರ್ತದೆ" ಅಂತ ಕಿತ್ತೆಸೆಯುವುದು ದೊಡ್ಡ ತಪ್ಪು. ಅದಿಲ್ಲದಿದ್ದರೆ ಹೊಡೆತ ನೇರ ಶಾಕಪ್ಪಿನ ಒಳಗಿನ ವಾಲ್ವಿಗೆ. ಲೋವರಿಂಗ್ ಸ್ಪ್ರಿಂಗ್ ಜೊತೆ ಬಂದ ಸೂಚನೆಯಲ್ಲಿ ಎಷ್ಟು ಕತ್ತರಿಸಬೇಕು ಅಂತ ಇದ್ದರೆ ಅಷ್ಟೇ ಕತ್ತರಿಸಿ.

ಗಾಲಿ ಎಷ್ಟು ಜಾಗ ಬಳಸುತ್ತಿದೆ ಅಂತ ತಿಳಿಯಲು ಹಿಂದಿನ ಶಾಕಪ್ ರಾಡಿಗೆ ಒಂದು ತೆಳು ಝಿಪ್ ಟೈ ಕಟ್ಟಿ, ಕೆಳಕ್ಕೆ ಸರಿಸಿಡಿ. ಧೂಳಿನ ಮುಚ್ಚಳ ಇದ್ದರೆ ಅದನ್ನು ಮೇಲೆತ್ತಿ ಕಟ್ಟಬೇಕು. ಮನೆ ಮಂದಿ ಕೂತು ಒಂದು ದಿನ ಓಡಾಡಿದ ಮೇಲೆ ಟೈ ಎಲ್ಲಿಗೆ ಸರಿದಿದೆ ನೋಡಿ. ಬಂಪ್ ಸ್ಟಾಪಿಗೆ ಒತ್ತಿ ನಿಂತಿದ್ದರೆ ನೀವು ಜಾಸ್ತಿ ತಗ್ಗಿಸಿದ್ದೀರಿ.

ಹಂತ 6: ಹಾಕಿಸುವಾಗ ಪಕ್ಕದಲ್ಲಿ ನಿಲ್ಲಿ

ಮುಂದಿನ ಸ್ಟ್ರಟ್ ಕೆಲಸ ಮನೆಯಲ್ಲಿ ಮಾಡಬೇಡಿ. ಒಳಗೆ ಒತ್ತಿಟ್ಟ ಸ್ಪ್ರಿಂಗ್ ಇದೆ. ಕಂಪ್ರೆಸರ್, ಅಂದರೆ ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ, ಹಚ್ಚದೆ ಮೇಲಿನ ನಡು ನಟ್ ಬಿಚ್ಚಿದರೆ ಅದು ಗುಂಡಿನಂತೆ ಹಾರುತ್ತದೆ. ಮುಖ, ಕೈ ಹೋಗುತ್ತದೆ. ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಮಿಸ್ತ್ರಿಗೆ ಒಂದು ವಿಷಯ ಮರೆಯದೆ ಹೇಳಿ. ಬುಷ್‌ಗಳ ಬೋಲ್ಟನ್ನು ಕಾರು ಎತ್ತಿದಾಗ ಪೂರ್ತಿ ಬಿಗಿ ಮಾಡಬಾರದು. ಗಾಲಿ ತೂಗುತ್ತಿರುವಾಗ ಬಿಗಿ ಮಾಡಿದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ. ಕಾರು ತಗ್ಗಿದಷ್ಟೂ ತಿರುಚು ಜಾಸ್ತಿ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುವುದಕ್ಕೆ ಬಹಳ ಸಲ ಇದೇ ಕಾರಣ. "ಸರ್, ಗಾಡಿ ನೆಲಕ್ಕೆ ಇಳಿಸಿ, ನಾಲ್ಕು ಸಲ ಕುಣಿಸಿ, ಆಮೇಲೆ ಟೈಟ್ ಮಾಡ್ರಿ" ಅಂತ ಹೇಳಿ. ಒಳ್ಳೆ ಮಿಸ್ತ್ರಿಗೆ ಇದು ಗೊತ್ತೇ ಇರುತ್ತದೆ, ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾರು ಇಳಿಸಿದ ಮೇಲೆ ಮುಂದಿನಿಂದ ಬಗ್ಗಿ ಲೋವರ್ ಆರ್ಮ್ ನೋಡಿ. ಒಳತುದಿಯಿಂದ ಗಾಲಿಯ ಕಡೆಗೆ ಅದು ಮಟ್ಟವಾಗಿ, ಅಥವಾ ಸ್ವಲ್ಪ ಇಳಿಜಾರಾಗಿ ಇರಬೇಕು. ಗಾಲಿಯ ಕಡೆ ಮೇಲಕ್ಕೆ ಏರಿದ್ದರೆ ಮಿತಿ ದಾಟಿದ್ದೀರಿ. ಆಗ ತಿರುವಿನಲ್ಲಿ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತದೆ, ಗುಂಡಿ ಬಿದ್ದಾಗ ಸ್ಟಿಯರಿಂಗ್ ತಾನೇ ಎಳೆಯುತ್ತದೆ. ತಗ್ಗಿಸಿದಷ್ಟೂ ಕಾರು ರಸ್ತೆ ಹಿಡಿಯುತ್ತದೆ ಅನ್ನುವ ನಂಬಿಕೆ ಈ ತೋಳು ಮಟ್ಟ ಇರುವ ತನಕ ಮಾತ್ರ ನಿಜ.

ಹಿಂದೆ ಒಂದು ಅಡ್ಡ ರಾಡ್ ಆಕ್ಸಲ್ಲನ್ನು ಬಾಡಿಗೆ ಕಟ್ಟಿರುವ ಕಾರುಗಳಲ್ಲಿ, ತಗ್ಗಿಸಿದಾಗ ಇಡೀ ಆಕ್ಸಲ್ ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. 25 ಮಿ.ಮೀ. ತಗ್ಗಿಸಿದಾಗ ಚಿಂತೆ ಇಲ್ಲ. ಇನ್ನು ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದರೆ ಕಾರಿನಲ್ಲಿ ಭಾರ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಕೊಡುತ್ತದೆ. ಮಳೆಯಲ್ಲಿ ಹಿಂದಿನ ಗಾಲಿ ಲಾಕ್ ಆಗಿ ಕಾರು ತಿರುಗಬಹುದು. ನಿಮ್ಮ ಕಾರಿನಲ್ಲಿ ಅದು ಇದೆಯಾ ಅಂತ ಕೇಳಿ, ಇದ್ದರೆ ಹೊಂದಿಸಿಕೊಳ್ಳಿ.

ಹಂತ 7: ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್

ಅಲೈನ್‌ಮೆಂಟ್ ಮಾಡಿಸದೆ ತಗ್ಗಿಸಿದ ಕಾರು ಓಡಿಸಬೇಡಿ. ಗ್ಯಾರೇಜಿನಿಂದ ನೇರ ಅಲೈನ್‌ಮೆಂಟ್ ಅಂಗಡಿಗೇ ಹೋಗಿ. ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು. ಟೋ ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮೂತಿ ಒಂದಕ್ಕೊಂದು ಎದುರಾಗಿವೆಯಾ, ದೂರವಾಗಿವೆಯಾ ಅನ್ನುವುದು. ತಗ್ಗಿಸಿದಾಗ ಎರಡೂ ಬದಲಾಗುತ್ತವೆ. ಟೈರು ತಿನ್ನುವುದು ಮುಖ್ಯವಾಗಿ ಟೋ. ಹೆಚ್ಚಿನ ಹಳೆ ಚಿಕ್ಕ ಕಾರುಗಳಲ್ಲಿ ಹೊಂದಿಸಲು ಬರುವುದೂ ಅದೊಂದೇ. ಮೊದಲು ಮತ್ತು ಆಮೇಲೆ ಬಂದ ಅಳತೆಯ ಚೀಟಿ ಕೇಳಿ ಇಸಿದುಕೊಳ್ಳಿ.

ಹೆಡ್‌ಲೈಟಿಗೆ ಗೋಡೆ ಸಾಕು. ತಗ್ಗಿಸುವ ಮುಂಚೆ ರಾತ್ರಿ ಕಾರನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಡಿಮ್ ಬೆಳಕಿನ ಮೇಲಿನ ಅಂಚಿಗೆ ಚಾಕಿನಿಂದ ಗೆರೆ ಎಳೆಯಿರಿ. ತಗ್ಗಿಸಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಕಾರು ಮುಂದೆ-ಹಿಂದೆ ಸಮ ತಗ್ಗಿದ್ದರೆ ಬೆಳಕೂ ಅಷ್ಟೇ ಮಿಲಿಮೀಟರ್ ಇಳಿದಿರುತ್ತದೆ. ಗೆರೆಗಿಂತ ಮೇಲಕ್ಕೆ ಹೋಗಿದ್ದರೆ ಹಿಂಭಾಗ ಜಾಸ್ತಿ ತಗ್ಗಿದೆ, ಎದುರಿನಿಂದ ಬೈಕಿನಲ್ಲಿ ಬರುವವರ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಸ್ಕ್ರೂ ತಿರುಗಿಸಿ ಇಳಿಸಿ.

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಇನ್ನೂ ಸ್ವಲ್ಪ ಕೂರುತ್ತದೆ. 500 ಕಿ.ಮೀ. ಆದ ಮೇಲೆ ಹಂತ 2ರಲ್ಲಿ ಬರೆದಿಟ್ಟ ಚೀಟಿ ತೆಗೆದು, ನಾಲ್ಕೂ ಗಾಲಿ ಮತ್ತೆ ಅಳೆಯಿರಿ. ಎಲ್ಲ ಬೋಲ್ಟುಗಳಿಗೆ ಪಾನಾ ಹಚ್ಚಿ ನೋಡಿಸಿ, ಟೋ ಇನ್ನೊಮ್ಮೆ ಚೆಕ್ ಮಾಡಿಸಿ. ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಚುಚ್ಚಿದರೆ ಟೋ ಇನ್ನೂ ಸರಿಯಾಗಿಲ್ಲ, ಅದೇ ದಿನ ಮತ್ತೆ ಅಲೈನ್‌ಮೆಂಟಿಗೆ ಒಯ್ಯಿರಿ.